ಉಪ್ಪಿಲ್ಲದ ಅಬಿಸ್ತಾ ತೊಳಸುವ ಬಗೆ

ಕಪ್ಪು ಸಮುದ್ರದ ಪೂರ್ವ ದಡದಲ್ಲಿರುವ ಅಬ್ಖಾಜಿಯಾದ ಹಳ್ಳಿಮನೆಗಳಲ್ಲಿ ರೊಟ್ಟಿಯ ಸ್ಥಾನ ಅಬಿಸ್ತಾಗೆ ಸಲ್ಲುತ್ತದೆ. ಅಬಿಸ್ತಾ ಎಂದರೆ ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಗಂಜಿ. ಅಮೆರಿಕ ಖಂಡದ ಈ ಜೋಳ ಕಾಕಸಸ್ ಸೀಮೆಗೆ ಬರುವ ಮುನ್ನ ಅಲ್ಲಿನವರು ಇದನ್ನು ಕಿರುಧಾನ್ಯದ ಹಿಟ್ಟಿನಲ್ಲಿ ಮಾಡುತ್ತಿದ್ದರು. ರಾಗಿಮುದ್ದೆ ತೊಳಸಿ ಬಲ್ಲ ಕೈಗೆ ಇದು ಬೇಗ ಒಗ್ಗುತ್ತದೆಯಾದರೂ, ಬೇಯಿಸಲು ಮುದ್ದೆಗಿಂತ ಹೆಚ್ಚು ತಾಳ್ಮೆ ಬೇಕು.

ನಾಲ್ವರಿಗೆ 1 ಲೀಟರ್ ನೀರು ಮತ್ತು ಜರಡಿ ಹಿಡಿದ ಸುಮಾರು 300 ಗ್ರಾಂ ಬಿಳಿ ಮೆಕ್ಕೆಜೋಳದ ಹಿಟ್ಟು ಸಾಕು. ಅಂಗಡಿಯಲ್ಲಿ ಕಾರ್ನ್‌ಫ್ಲೋರ್ ಎಂದು ಕೊಡುವ ನುಣ್ಣನೆಯ ಪುಡಿ ಬರೀ ಪಿಷ್ಟವಾದ್ದರಿಂದ ಅದನ್ನು ಬಳಸಬಾರದು. ಉಪ್ಪನ್ನಂತೂ ಹಾಕಲೇಬಾರದು. ನನಗೆ ಅಬಿಸ್ತಾ ಕಲಿಸಿದ ಮನೆಯೊಡತಿ, ನಾನು ಉಪ್ಪಿನ ಡಬ್ಬಿಗೆ ಕೈ ಹಾಕಿದ್ದನ್ನು ಕಂಡು ತಲೆಯಾಡಿಸಿ, ಹೊಗೆಯಲ್ಲಿ ಒಣಗಿಸಿದ ಚೀಸಿನ ತುಣುಕೊಂದನ್ನು ನನ್ನ ಕೈಗಿಟ್ಟರು. ಬಾಯಿಗೆ ಹಾಕಿಕೊಂಡ ಕೂಡಲೇ ಕಾರಣ ತಿಳಿಯಿತು, ಉಪ್ಪೆಲ್ಲ ಅದರಲ್ಲೇ ಇತ್ತು.

ತಳ ದಪ್ಪಗಿರುವ ಪಾತ್ರೆಯಲ್ಲಿ ನೀರಿಟ್ಟು, ಅದು ಉಗುರುಬೆಚ್ಚಗಾದಾಗ ಹಿಟ್ಟಿನ ಮೂರನೆಯ ಒಂದು ಪಾಲನ್ನು ಮಾತ್ರ ಉದುರಿಸಿ ಕಲಕಿ. ಕುದಿ ಬಂದ ಮೇಲೆ ಉರಿ ತಗ್ಗಿಸಿ, ಈ ಅಂಬಲಿಯನ್ನು ಆಗಾಗ ಕೈಯಾಡಿಸುತ್ತ ಅರ್ಧ ಗಂಟೆ ಬೇಯಲು ಬಿಡಿ. ಅಬಿಸ್ತಾದ ರುಚಿ ನಿಂತಿರುವುದು ಈ ಅರ್ಧ ಗಂಟೆಯ ಮೇಲೆ. ಇಲ್ಲಿ ಅವಸರ ಮಾಡಿದರೆ ಹಸಿ ಹಿಟ್ಟಿನ ವಾಸನೆ ಕೊನೆಯವರೆಗೂ ಹೋಗುವುದಿಲ್ಲ. ಆಮೇಲೆ ಉಳಿದ ಹಿಟ್ಟನ್ನು ಹಿಡಿ ಹಿಡಿಯಾಗಿ ಸೇರಿಸುತ್ತ, ಮರದ ಚಪ್ಪಟೆ ಸೌಟಿನಿಂದ ತೊಳಸಿ. ಗಂಟು ಕಂಡರೆ ಅದನ್ನು ಪಾತ್ರೆಯ ಒಳಮೈಗೆ ಒತ್ತಿ ಒಡೆಯಬೇಕು. ಹಿಟ್ಟು ಅಂಚು ಬಿಟ್ಟು ಒಂದಾಗಿ ಸುತ್ತತೊಡಗಿದಾಗ ಮುಚ್ಚಳ ಹಾಕಿ, ಸಣ್ಣ ಉರಿಯಲ್ಲಿ ಇನ್ನೂ ಹತ್ತು ನಿಮಿಷ ಇಡಿ.

ಸೌಟನ್ನು ನೀರಿನಲ್ಲಿ ಅದ್ದಿ ಬಡಿಸಿದರೆ ಹಿಟ್ಟು ಅಂಟುವುದಿಲ್ಲ. ಹಬೆಯಾಡುವಾಗಲೇ ಚೀಸಿನ ಹೋಳುಗಳನ್ನು ಅದರೊಳಗೆ ನೆಡಬೇಕು. ಮೆತ್ತಗಾದ ಚೀಸನ್ನು ಅಬಿಸ್ತಾದ ತುತ್ತಿನೊಡನೆ ಕೈಯಿಂದಲೇ ತಿನ್ನುವುದು ಅಲ್ಲಿಯ ರೂಢಿ. ಬಿಸಿಗೆ ಕರಗದ, ಉಪ್ಪೂ ಇಲ್ಲದ ಪನೀರ್ ಇದಕ್ಕೆ ಹೊಂದದು; ಮೊಝರೆಲ್ಲಾವನ್ನು ಕೆಲವು ಗಂಟೆ ಉಪ್ಪುನೀರಿನಲ್ಲಿ ನೆನೆಸಿದರೆ ನಡೆದೀತು. ಪಕ್ಕಕ್ಕೆ ಬೀನ್ಸ್ ಕಾಳಿನ ಪಲ್ಯವೂ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಕೊತ್ತಂಬರಿ ಬೀಜ ಅರೆದ ಅಜಿಕಾ ಎಂಬ ಖಾರವೂ ಇರಲಿ. ಅಬ್ಖಾಜ್ ನುಡಿಯಲ್ಲಿ ಅಜಿಕಾ ಎಂಬ ಪದಕ್ಕೆ ಉಪ್ಪು ಎಂದೇ ಅರ್ಥ.

ಮಿಕ್ಕ ಅಬಿಸ್ತಾ ಆರಿ ಗಟ್ಟಿಯಾದ ಮೇಲೆ ಬಿಲ್ಲೆಗಳಾಗಿ ಕೊಯ್ದು, ಕಾದ ಹಂಚಿನ ಮೇಲೆ ಎರಡೂ ಮಗ್ಗುಲು ಕೆಂಪಗೆ ಸುಟ್ಟುಕೊಳ್ಳಬಹುದು.