‘ಯೂಸ್ಡ್ ಟು’ ಎಲ್ಲಿ, ಹೇಗೆ?

ಹಿಂದೆ ಇದ್ದು ಈಗ ಬಿಟ್ಟುಹೋದ ರೂಢಿಗೆ ಇಂಗ್ಲಿಷ್‌ನಲ್ಲಿ ‘ಯೂಸ್ಡ್ ಟು’ ಆದಮೇಲೆ ಕ್ರಿಯಾಪದದ ಮೂಲರೂಪ ಹಾಕಿ: ‘ಐ ಯೂಸ್ಡ್ ಟು ಸ್ಮೋಕ್’ ಅಂದರೆ ಮೊದಲು ಸೇದುತ್ತಿದ್ದೆ, ಈಗ ಇಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಈಗಲೂ ದಿನಾ ವಾಕಿಂಗ್ ಹೋಗುವವರು ‘ಐ ಯೂಸ್ಡ್ ಟು ವಾಕ್ ಡೈಲಿ’ ಅಂದರೆ, ಕೇಳಿದವರು ವಾಕಿಂಗ್ ನಿಂತೇಹೋಯಿತು ಅಂದುಕೊಳ್ಳುತ್ತಾರೆ. ‘ಐ ವಾಕ್ ಡೈಲಿ’ ಸಾಕು. ಒಂದೇ ಸಲ ಆದ ಘಟನೆಗೂ ‘ಯೂಸ್ಡ್ ಟು’ ಬೇಡ.

‘ಡಿಡ್’ ಬಂದರೆ ಬರವಣಿಗೆಯಲ್ಲಿ ‘ಯೂಸ್ಡ್’ನ ಕೊನೆಯ ‘ಡಿ’ ಅಕ್ಷರ ಬಿಡಿ: ‘ಡಿಡ್ ಯು ಯೂಸ್ ಟು ಸ್ಮೋಕ್?’ (ಮಾತಿನಲ್ಲಿ ಎರಡೂ ‘ಯೂಸ್ಟು’ ಅಂತಲೇ ಕೇಳಿಸುತ್ತವೆ.)

‘ಯೂಸ್ಡ್ ಟು’ಗೆ ಮೊದಲು ‘ಆ್ಯಮ್’ ಸೇರಿತೋ, ಅರ್ಥವೇ ಬೇರೆ: ‘ಐ ಆ್ಯಮ್ ಯೂಸ್ಡ್ ಟು ವಾಕಿಂಗ್’, ನಡೆದು ಅಭ್ಯಾಸವಿದೆ. ಇಲ್ಲಿ ಕ್ರಿಯಾಪದಕ್ಕೆ ‘ಇಂಗ್’ ಕಡ್ಡಾಯ, ನಾಮಪದವೂ ನಡೆಯುತ್ತದೆ. ಇನ್ನೂ ಒಗ್ಗಿಕೊಳ್ಳುತ್ತಿದ್ದರೆ ‘ಗೆಟ್ಟಿಂಗ್ ಯೂಸ್ಡ್ ಟು’ ಅನ್ನಿ.