ಫ್ರಾನ್ಸಿನ ಧರ್ಮಯುದ್ಧಗಳ ಚಾರ್ಟ್: ಮೊದಲು ಮನೆತನ, ಆಮೇಲೆ ಮತ

ಪರೀಕ್ಷೆಗೆ ಫ್ರಾನ್ಸಿನ ಧರ್ಮಯುದ್ಧಗಳನ್ನು (1562–1598) ಓದುವವರು ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ಕ್ಯಾಥೊಲಿಕ್, ಬಲಕ್ಕೆ ಹ್ಯೂಗೆನಾಟ್ (ಫ್ರಾನ್ಸಿನ ಪ್ರೊಟೆಸ್ಟಂಟರು) ಅಂತ ಬರೆದುಬಿಡುತ್ತಾರೆ. ಚಾರ್ಟ್ ಕೆಡುವುದು ಅಲ್ಲೇ. ಮೋಂಮೋರಾನ್ಸಿ ಮನೆತನದ ಯಜಮಾನ ಆನ್ ಕಟ್ಟಾ ಕ್ಯಾಥೊಲಿಕ್, ಅವನ ಸೋದರಳಿಯ ಕೊಲಿನ್ಯೀ ಹ್ಯೂಗೆನಾಟರ ಮುಖಂಡ. ಮಾವ-ಅಳಿಯನನ್ನು ಬೇರೆ ಬೇರೆ ಕಡೆ ಬರೆದರೆ ಮನೆತನವೇ ಕಣ್ಣಿಗೆ ಬೀಳುವುದಿಲ್ಲ.

ವಿಜಯಪುರದವರು ಮೊದಲು ಆದಿಲ್‌ಶಾಹಿ ದರ್ಬಾರಿನ ಮೇಲೆ ಕೈ ಪಳಗಿಸಿಕೊಳ್ಳಿ, ಹೆಸರುಗಳು ಊರಲ್ಲೇ ಕೇಳಿದವು. ಇಲ್ಲೂ ಮೊದಲು ಬಣ, ಆಮೇಲೆ ಪಂಥ: ದಖನಿಗಳಿಗೆ (ಇಲ್ಲಿಯವರೇ ಆದ ಸರದಾರರು) ಒಂದು ಪಟ್ಟಿ, ಪರದೇಶದಿಂದ ಬಂದ ಆಫಾಕಿಗಳಿಗೆ ಒಂದು. 1534ರಲ್ಲಿ ಪಟ್ಟಕ್ಕೆ ಬಂದ ಒಂದನೇ ಇಬ್ರಾಹಿಂ ಸುನ್ನಿ ಪಂಥಕ್ಕೆ ತಿರುಗಿ ದಖನಿಗಳನ್ನು ಮೇಲೆತ್ತಿದ. 1558ರಲ್ಲಿ ಒಂದನೇ ಅಲಿ ಮತ್ತೆ ಶಿಯಾ ಪಂಥ ತಂದ.

ಈಗ ಫ್ರಾನ್ಸ್. ಡ್ರಾಯಿಂಗ್ ಶೀಟನ್ನು ಅಡ್ಡ ಇಟ್ಟು 40 ಸೆಂ.ಮೀ. ಗೆರೆ ಎಳೆಯಿರಿ, ವರ್ಷಕ್ಕೆ 1 ಸೆಂ.ಮೀ. ಶುರು 1559ರಿಂದ. ಆ ವರ್ಷ ಎರಡನೇ ಹೆನ್ರಿ ಈಟಿ ಕಾಳಗದ ಗಾಯದಿಂದ ಸತ್ತು, 15 ವರ್ಷದ ಹುಡುಗ ದೊರೆಯಾದ. ಹುಡುಗನನ್ನು ಯಾರು ಕೈಯಲ್ಲಿಟ್ಟುಕೊಳ್ಳಬೇಕು ಎಂಬ ಜಗ್ಗಾಟ ಆಗಲೇ ಹತ್ತಿಕೊಂಡಿತು. 1562ರಿಂದ ಹಿಡಿದರೆ ಎಲ್ಲವೂ ಬರೀ ಮತದ ಜಗಳವಾಗಿ ಕಾಣುತ್ತದೆ.

ಗೆರೆಯ ಮೇಲೆ 4 ಸೆಂ.ಮೀ. ಅರಮನೆಗೆ. ಕೆಳಗೆ ಮೂರು ಮನೆತನಗಳಿಗೆ 8 ಸೆಂ.ಮೀ.ಗಳ ಮೂರು ಪಟ್ಟಿ: ಗೀಸ್, ಮೋಂಮೋರಾನ್ಸಿ, ಬೂರ್ಬೋನ್. ಹೆಸರು ಕಪ್ಪಿನಲ್ಲಿ. ಅಡಿಗೆರೆ ಕ್ಯಾಥೊಲಿಕರಿಗೆ ನೀಲಿ, ಹ್ಯೂಗೆನಾಟರಿಗೆ ಕೆಂಪು. ಮತ ಬದಲಾದಾಗ ಇಸವಿ ಹಾಕಿ ಹೊಸ ಗೆರೆ ಎಳೆಯಿರಿ. ಬೂರ್ಬೋನ್ ಮನೆತನದ ನವಾರಿನ ಹೆನ್ರಿಗೆ ಹೀಗೆ ಬರುತ್ತದೆ: ಕೆಂಪು, 1572 ನೀಲಿ (ಪ್ರಾಣಭಯದಿಂದ), 1576 ಕೆಂಪು, 1593 ನೀಲಿ. ಬರೀ 'ಹೆನ್ರಿ' ಅಂತ ಎಲ್ಲೂ ಬರೆಯಬೇಡಿ. ದೊರೆ ಮೂರನೇ ಹೆನ್ರಿ 1588ರ ಡಿಸೆಂಬರ್‌ನಲ್ಲಿ ಗೀಸ್ ಮನೆತನದ ಹೆನ್ರಿಯನ್ನು ಕೊಲ್ಲಿಸಿದ. ಎಂಟು ತಿಂಗಳಲ್ಲಿ ಒಬ್ಬ ಸನ್ಯಾಸಿ ದೊರೆಯನ್ನೇ ಇರಿದ. ಪಟ್ಟ ನವಾರಿನವನಿಗೆ ಬಂತು.

1572ರ ಹ್ಯೂಗೆನಾಟರ ಹತ್ಯಾಕಾಂಡಕ್ಕೆ 1 ಸೆಂ.ಮೀ. ಸಾಲದು, ಬೇರೆ ಚೀಟಿ ಅಂಟಿಸಿ. ಆಗಸ್ಟ್ 18, ನವಾರಿನ ಹೆನ್ರಿಯ ಮದುವೆ. 22, ಕೊಲಿನ್ಯೀ ಮೇಲೆ ಗುಂಡು. 24ರ ನಸುಕಿನಲ್ಲಿ ಗೀಸ್ ಕಡೆಯವರು ಅವನನ್ನು ಕೊಂದರು. ಮುಂದೆ ಪ್ಯಾರಿಸ್ಸಿನ ಓಣಿಗಳಲ್ಲಿ ನೆರೆಹೊರೆಯವರೇ ಕೊಲೆಗಿಳಿದರು. ಅಕ್ಟೋಬರ್‌ವರೆಗೂ ಲಿಯಾನ್, ಬೋರ್ಡೋದಂಥ ಊರುಗಳಿಗೆ ಹಬ್ಬಿತು. ಪ್ರತಿ ಸಾಲಿನ ಮುಂದೆ 'ಯಾರು ಮಾಡಿದರು' ಎಂಬ ಖಾನೆ ಇರಲಿ. ಅದಿಲ್ಲದೆ ಬರೆದ ಉತ್ತರದಲ್ಲಿ ರಾಜಮಾತೆ ಕ್ಯಾಥರೀನ್ ಒಬ್ಬಳೇ ಎಲ್ಲರನ್ನೂ ಕೊಂದಿರುತ್ತಾಳೆ.