ಬೆಂಗಳೂರಿನಿಂದ ಮುಂಬೈಗೆ ವಿಮಾನದಲ್ಲಿ ಎಷ್ಟು ದೂರ? ನೀವೇ ಲೆಕ್ಕ ಹಾಕಿ

ರಸ್ತೆಯಲ್ಲಿ ಸಾವಿರ ಕಿ.ಮೀ. ಆಸುಪಾಸು ಇದೆ ಎಂದು ವಿಮಾನಕ್ಕೂ ಅದನ್ನೇ ಹಿಡಿದರೆ ಮೊದಲ ಹೆಜ್ಜೆಯಲ್ಲೇ ಎಡವಿದಂತೆ. ಬೇಕಾಗುವುದು ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ. ಜೊತೆಗೆ ‘ಕಾಸ್’ (cos) ಗುಂಡಿ ಇರುವ ಕ್ಯಾಲ್ಕುಲೇಟರ್.

1. ಊರಿನ ಅಕ್ಷಾಂಶ ಬೇಡ, ನಿಲ್ದಾಣದ್ದೇ ಬೇಕು. ಮೆಜೆಸ್ಟಿಕ್‌ನಿಂದ ದೇವನಹಳ್ಳಿಯ ನಿಲ್ದಾಣಕ್ಕೆ ರಸ್ತೆಯಲ್ಲಿ 30 ಕಿ.ಮೀ.ಗೂ ಹೆಚ್ಚು. 2008ಕ್ಕೆ ಮೊದಲಿನ ಪಟ್ಟಿಯಲ್ಲಿ ನಿಲ್ದಾಣದ ಮೂರಕ್ಷರದ ಸಂಕೇತ ಬಿಎಲ್‌ಆರ್ ಎಂದಿದ್ದರೆ ಅದು ಹಳೆಯ ಎಚ್‌ಎಎಲ್ ನಿಲ್ದಾಣ. ಗೋವಾದಲ್ಲಂತೂ ಎರಡಿವೆ: ದಾಬೋಲಿಂ ಜಿಒಐ, ಮೋಪಾ ಜಿಒಎಕ್ಸ್.

2. ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲಿ. ಬೆಂಗಳೂರು ನಿಲ್ದಾಣ 13 ಡಿಗ್ರಿ 12 ನಿಮಿಷ ಉತ್ತರ, 77 ಡಿಗ್ರಿ 42 ನಿಮಿಷ ಪೂರ್ವ. ಇದನ್ನು 13.12, 77.42 ಎಂದು ಬರೆದುಕೊಂಡರೆ ಕೆಲಸ ಕೆಟ್ಟಿತು. ಒಂದು ಡಿಗ್ರಿಗೆ 60 ನಿಮಿಷ; ನಿಮಿಷವನ್ನು 60ರಿಂದ ಭಾಗಿಸಿಯೇ ದಶಮಾಂಶಕ್ಕೆ ತರಬೇಕು. ಆಗ ಸಿಗುವುದು 13.20, 77.70. ರೇಖಾಂಶದ ಈ ಒಂದು ತಪ್ಪಿಗೇ ನಿಲ್ದಾಣ 30 ಕಿ.ಮೀ. ಪಶ್ಚಿಮಕ್ಕೆ ಸರಿದುಬಿಡುತ್ತದೆ. ಮುಂಬೈ ಹೀಗೇ 19.08, 72.87.

ಅಕ್ಷಾಂಶದ ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಇಲ್ಲಿ ವ್ಯತ್ಯಾಸ 5.88, ಅದನ್ನು 111ರಿಂದ ಗುಣಿಸಿದರೆ 653 ಕಿ.ಮೀ. ರೇಖಾಂಶದ ವ್ಯತ್ಯಾಸ 4.83, 111ರಿಂದ ಗುಣಿಸಿದರೆ 536. ಇದನ್ನು ಹಾಗೇ ಬಿಡುವಂತಿಲ್ಲ. ರೇಖಾಂಶದ ಗೆರೆಗಳು ಧ್ರುವದ ಕಡೆ ಹೋದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ. ಆದ್ದರಿಂದ ಎರಡೂ ಅಕ್ಷಾಂಶಗಳ ಸರಾಸರಿ 16.14ರ ಕಾಸ್, ಅಂದರೆ 0.96ರಿಂದ ಗುಣಿಸಿ: 515.

ಕ್ಯಾಲ್ಕುಲೇಟರ್ ಡಿಗ್ರಿಯ ಬದಲು ಕೋನದ ಇನ್ನೊಂದು ಅಳತೆಯಾದ ರೇಡಿಯನ್‌ನಲ್ಲಿದ್ದರೆ ಕಾಸ್ ಮೈನಸ್ 0.91 ತೋರಿಸುತ್ತದೆ. ಮುಂದೆ ವರ್ಗ ಮಾಡುವಾಗ ಮೈನಸ್ ಮಾಯವಾಗಿ 814 ಕಿ.ಮೀ. ಎಂಬ, ನಂಬುವಂತಹ ತಪ್ಪು ಉತ್ತರ ಬರುತ್ತದೆ. ಡಿಗ್ರಿಯಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

3. 653, 515 ಎರಡನ್ನೂ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯಿರಿ: 832 ಕಿ.ಮೀ. ದೇಶದೊಳಗಿನ ಊರುಗಳಿಗೆ ಈ ಅಡ್ಡದಾರಿ ಧಾರಾಳ ಸಾಕು. ಸುಮಾರು 14,000 ಕಿ.ಮೀ. ದೂರದ ಸ್ಯಾನ್ ಫ್ರಾನ್ಸಿಸ್ಕೊಗೆ ಇದನ್ನು ಹಚ್ಚಬೇಡಿ. ಅಲ್ಲಿ ಭೂಮಿಯ ಗುಂಡಗಿನ ಆಕಾರವನ್ನೇ ಲೆಕ್ಕಕ್ಕೆ ತರುವ ಹ್ಯಾವರ್‌ಸೈನ್ ಸೂತ್ರ ಬೇಕು.

4. ಇನ್ನು ಸಮಯ. ದೂರವನ್ನು 900ರಿಂದ ಭಾಗಿಸಿ ‘55 ನಿಮಿಷ’ ಎನ್ನುವ ಜಾಲತಾಣಗಳನ್ನು ನಂಬಲೇಬೇಡಿ. ಏರುವಾಗ, ಇಳಿಯುವಾಗ ಆ ವೇಗ ಇರುವುದಿಲ್ಲ. ರನ್‌ವೇವರೆಗೆ ತೆವಳುವುದೂ ಇದೆ. ಜೆಟ್ ಆದರೆ 800ರಿಂದ ಭಾಗಿಸಿ, ಮೇಲೆ 40 ನಿಮಿಷ ಸೇರಿಸಿ: 1 ಗಂಟೆ 42 ನಿಮಿಷ. ಟಿಕೆಟ್‌ನಲ್ಲಿ ಇನ್ನೂ ಹತ್ತು-ಹದಿನೈದು ನಿಮಿಷ ಹೆಚ್ಚಿದ್ದರೆ ಅದು ತಡವಾದರೂ ಸಮಯಕ್ಕೆ ಬಂದಂತೆ ಕಾಣಲಿ ಎಂದು ಕಂಪನಿಗಳು ಇಟ್ಟುಕೊಳ್ಳುವ ಸಡಿಲ. ರೆಕ್ಕೆಯಲ್ಲಿ ಪಂಖ ತಿರುಗುವ ಎಟಿಆರ್ ವಿಮಾನವಾದರೆ 500ರಿಂದ ಭಾಗಿಸಿ.

ಹೋಗುವ, ಬರುವ ಸಮಯ ಒಂದೇ ಇರಬೇಕೆಂದಿಲ್ಲ. ಚಳಿಗಾಲದಲ್ಲಿ ಎತ್ತರದ ಗಾಳಿ ಪಶ್ಚಿಮದಿಂದ ಬೀಸುವುದರಿಂದ ದುಬೈಗೆ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಗಾಳಿ.

5. ಟಿಕೆಟ್‌ನಲ್ಲಿರುವುದು ಆಯಾ ಊರಿನ ಗಡಿಯಾರದ ಹೊತ್ತು. ಬೆಂಗಳೂರಿನಿಂದ 10ಕ್ಕೆ ಹೊರಟು ದುಬೈಗೆ 12.30ಕ್ಕೆ ಎಂದಿದ್ದರೆ ಪ್ರಯಾಣ ಎರಡೂವರೆ ಗಂಟೆಯಲ್ಲ. ಅಲ್ಲಿನ ಗಡಿಯಾರ ಒಂದೂವರೆ ಗಂಟೆ ಹಿಂದಿದೆ, ಕೂಡಿಸಿದರೆ ನಾಲ್ಕು.